ಗಾಳಿಯ ದಿನದ ಬೇಟೆ

ಅಮೆರಿಕದಲ್ಲಿ ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವವರು ಇಂದಿಗೂ ಬಹುಮಂದಿ. ವಿಸ್ಕಾನ್ಸಿನ್ ಸಂಸ್ಥಾನವು 1934ರಲ್ಲಿಯೇ ಬಿಲ್ಲುಗಾರರಿಗೆಂದು ಪ್ರತ್ಯೇಕ ಋತುವನ್ನು ಗೊತ್ತುಮಾಡಿತು. ಅನೇಕರು ಮರದ ಮೇಲಿನ ಅಟ್ಟಣೆಯಲ್ಲಿ ಹೊಂಚುತ್ತಾರೆ; ಬಿರುಗಾಳಿಗೆ ಮರ ತೂಗಾಡುವ ದಿನ ಮಾತ್ರ ನೆಲಕ್ಕಿಳಿದು ಬೇಟೆಯನ್ನು ಅರಸುವುದುಂಟು. ಆಗ ಗಾಳಿಯೇ ಅವರ ಮಿತ್ರ. ಎಲೆಗಳ ಮರ್ಮರದಲ್ಲಿ ಹೆಜ್ಜೆಯ ಸದ್ದು ಅಡಗುತ್ತದೆ; ಅಲುಗುವ ಪೊದೆಗಳ ನಡುವೆ ಮನುಷ್ಯನ ಚಲನೆ ಮರೆಯಾಗುತ್ತದೆ; ಗಾಳಿಗೆ ಇದಿರಾಗಿ ನಡೆದರೆ ಮೈವಾಸನೆ ಜಿಂಕೆಗೆ ತಲುಪದು.

ಆದರೆ ಈ ಮೈತ್ರಿ ಜಿಂಕೆಯ ಸಮೀಪಕ್ಕೆ ಒಯ್ಯುವವರೆಗೆ ಮಾತ್ರವೆಂದು ನಾನು ತಿಳಿಯುತ್ತೇನೆ. ಹೆದೆಯಿಂದ ಬಿಟ್ಟ ಬಾಣಕ್ಕೆ ಗಾಳಿ ಶತ್ರು. ಬಾಣವು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಅಲಗು ಕೊಯ್ದು, ರಕ್ತ ಹರಿದು ಪ್ರಾಣ ಹೋಗಬೇಕು. ಶ್ವಾಸಕೋಶಕ್ಕೆ ತಾಗಿದರೆ ಬೇಗನೆ ಸಾವು. ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ಯಾತನೆ. ಮೇಲಾಗಿ ಗಾಳಿಯ ದಿನ ಜಿಂಕೆ ಬೆದರಿರುತ್ತದೆ. ಹೆದೆಯ ಸದ್ದು ಕಿವಿಗೆ ಬಿದ್ದೊಡನೆ ನೆಗೆಯುತ್ತದೆ. 1969ರಲ್ಲಿ ಪೇಟೆಂಟ್ ಪಡೆದ ರಾಟೆಬಿಲ್ಲು ಬಾಣದ ವೇಗವನ್ನು ಹೆಚ್ಚಿಸಿತು, ನಿಜ; ಆದರೆ ಶಬ್ದವನ್ನು ಮೀರಿಸುವ ವೇಗವನ್ನು ಕೊಡಲಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಿಂಕೆಯ ಬೇಟೆಯನ್ನು ನಿಷೇಧಿಸಿದೆ. ಅದು ನನಗೆ ಸಮ್ಮತ. ತೋಳಗಳು ವಿರಳವಾದ ಆ ದೇಶದ ಕಾಡುಗಳಲ್ಲಿ ಜಿಂಕೆಗಳ ಸಂಖ್ಯೆಯನ್ನು ಮಿತಿಯಲ್ಲಿಡಲು ಬೇಟೆ ಅಗತ್ಯವೆಂಬ ವಾದವನ್ನೂ ನಾನು ತಳ್ಳಿಹಾಕಲಾರೆ. ಆದರೆ ಕಾನೂನಿನ ಅನುಮತಿ ಒಂದು, ಕೈಯ ಅಳತೆ ಇನ್ನೊಂದು. ಶಾಂತವಾದ ದಿನ 30 ಗಜದಿಂದ ಹೊಡೆಯಬಲ್ಲವನು ಗಾಳಿಯ ದಿನ 15 ಗಜಕ್ಕೆ ಇಳಿಯಲಿ. ಅಷ್ಟು ಹತ್ತಿರ ಸೇರಲಾಗದಿದ್ದರೆ ಎಳೆದ ಹೆದೆಯನ್ನು ಮೆಲ್ಲನೆ ಸಡಿಲಿಸಲಿ. ಹಾಗೆ ಬರಿಗೈಯಲ್ಲಿ ಮರಳಬಲ್ಲವನನ್ನೇ ನಾನು ಬಿಲ್ಲುಗಾರನೆಂದು ಕರೆಯುವೆನು.