ಮೇಂಟೆನೆನ್ಸ್ ಇಲ್ಲ ಅಂದ್ರೆ ಯಾರಿಗೆ ಇಲ್ಲ?

ಆಫೀಸಿನ ಗೆಳೆಯನೊಬ್ಬ ಬೆಂಗಳೂರಲ್ಲಿ ಮನೆ ಕಟ್ಟಿಸ್ತಿದ್ದಾನೆ. ಟೆರೇಸಿಗೆ ‘ಡೆಕ್’ ಮಾಡಿಸಬೇಕಂತೆ. ಮೊನ್ನೆ ಊಟದ ಹೊತ್ತಲ್ಲಿ ಕೇಳಿದ: “ಯಾವುದು ಹಾಕ್ಸಿದ್ರೆ ಮೇಂಟೆನೆನ್ಸ್ ಇರಲ್ಲ ಹೇಳು ಗುರು. ನೀನು ಊರಲ್ಲಿ ಅಂಗಳಕ್ಕೆ ಟೈಲ್ಸ್ ಹಾಕ್ಸಿದೀಯಲ್ಲ?”

ಹೌದು, ಹಾಕ್ಸಿದೀನಿ. ಅದಕ್ಕೇ ಈ ಬರಹ.

ನಮ್ಮ ಮನೆ ಇರೋದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆ. ಮಣ್ಣಿನ ಅಂಗಳ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಹುಲ್ಲು ಕೆತ್ತಬೇಕು, ಕೊಚ್ಚಿ ಹೋದ ಕಡೆ ಮಣ್ಣು ತುಂಬಬೇಕು, ನೀರು ಚಿಮುಕಿಸಿ ಬಡಿದು ಮಟ್ಟ ಮಾಡಬೇಕು, ಕೊನೆಗೆ ಸಗಣಿ ಸಾರಿಸಬೇಕು. ಅಷ್ಟಾದ ಮೇಲೆ ಅಡಿಕೆ ಚಪ್ಪರಕ್ಕೆ ಕಂಬ ಹುಗಿಯೋದು. ಇದೆಲ್ಲ ಯಾಕೆ ಬೇಕು ಅಂತ ನಾನೇ ಇಂಟರ್‌ಲಾಕ್ ಹಾಕಿಸಿದೆ. ಬೋನಸ್ ಬಂದ ವರ್ಷ. ಹಾಕಿದವರು ಹೇಳಿದ್ದು ಒಂದೇ ಮಾತು: “ಹಾಕಿ ಮರೆತುಬಿಡಿ ಸಾರ್, ಮೇಂಟೆನೆನ್ಸ್ ಫ್ರೀ.”

ಮರೆತುಬಿಟ್ಟೆವು. ಅದೇ ತಪ್ಪಾಗಿದ್ದು.

ಎರಡನೇ ಮಳೆಗಾಲಕ್ಕೆ ಟೈಲ್ಸ್ ಮೇಲೆ ಹಾವಸೆ ಕಟ್ಟಿತು. ಮೂರನೇ ಶ್ರಾವಣದಲ್ಲಿ ಅಮ್ಮ ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಯಿಂದ ಬರುವಾಗ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ನಾನು ಓಡಿ ಹೋಗಿ ನಿಂತು, “ಮಣ್ಣಿನ ಅಂಗಳವೇ ಇರಬೇಕಿತ್ತು” ಅಂದರೆ ಅಮ್ಮ ಬೈದರು. “ಅದೂ ಜಾರ್ತಿತ್ತು ಮಾರಾಯ. ಆದ್ರೆ ಆಗ ಮಳೆಗೆ ಮುಂಚೆ ಸೋಗೆ, ದಬ್ಬೆ ಹಾಸ್ತಿದ್ವಿ. ನಿನ್ನ ಟೈಲ್ಸ್ ಮೇಲೆ ಯಾರು ಹಾಸ್ತಾರೆ?”

‘ಮೇಂಟೆನೆನ್ಸ್ ಫ್ರೀ’ ಅನ್ನೋ ಮಾತಿನ ಮೇಲೆ ನನ್ನ ಸಿಟ್ಟು ಇದೇ. ಅದು ಕೆಲಸವನ್ನು ಕಡಿಮೆ ಮಾಡಲ್ಲ, ಕೆಲಸ ಇದೆ ಅನ್ನೋದನ್ನ ಮರೆಸುತ್ತೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಸಿವಿಲ್ ಅಲ್ಲ. ಆದರೂ ಹೊಟ್ಟೆಪಾಡಿಗೆ ನಾನು ಮಾಡೋದು ಯಾರೋ ಬರೆದಿಟ್ಟು ಹೋದ ಕೋಡಿನ ಮೇಂಟೆನೆನ್ಸೇ. ನಿರ್ವಹಣೆಯೇ ಬೇಡದ ಸಾಫ್ಟ್‌ವೇರ್ ಇದೆ ಅಂತ ಯಾರಾದರೂ ಬಂದರೆ ನಗ್ತೀನಿ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಅದೇ ಮಾತನ್ನು ಟೈಲ್ಸ್ ಬಗ್ಗೆ ಹೇಳಿದಾಗ ಮಾತ್ರ ನಂಬಿ ದುಡ್ಡು ಕೊಟ್ಟೆ! ಬೆಂಗಳೂರಿಗೆ ಬೀಳೋದು ಅದರ ಏಳರಲ್ಲೊಂದು ಪಾಲು. ಎರಡೂ ಕಡೆ ಒಂದೇ ಟೈಲ್ಸ್, ಒಂದೇ ಭರವಸೆ.

ಆಮೇಲೆ ಕೂತು ಓದಿದೆ. ಇಂಟರ್‌ಲಾಕ್ ಸುಮ್ಮನೆ ನೆಲಕ್ಕೆ ಜೋಡಿಸೋದಲ್ಲ. ಕೆಳಗೆ ಗಟ್ಟಿಯಾಗಿ ಅದುಮಿದ ಜಲ್ಲಿ, ಅದರ ಮೇಲೆ ಒಂದು ಇಂಚಿನಷ್ಟು ಮರಳು, ಸುತ್ತ ಅಲುಗಾಡದ ಅಂಚುಕಟ್ಟು ಬೇಕು. ಬ್ಲಾಕುಗಳ ಸಂದಿಯಲ್ಲಿ ತುಂಬಿದ ಮರಳೇ ಅವನ್ನು ಒಂದಕ್ಕೊಂದು ಹಿಡಿದಿಡೋದು. ಮಳೆಗೆ ಆ ಮರಳು ಕೊಚ್ಚಿ ಹೋದರೆ ಮತ್ತೆ ತುಂಬಬೇಕು. ಹಾವಸೆ ತೆಗೆಯೋಕೆ ಜೋರಾಗಿ ನೀರು ಹೊಡೆದರೆ ಅದರ ಜೊತೆ ಮರಳೂ ಏಳುತ್ತೆ. ರಬ್ಬರ್ ಮೋಲ್ಡಿನಲ್ಲಿ ಎರಕ ಹೊಯ್ದ ಆ ಮಿರಮಿರ ಮಿಂಚುವ ಬ್ಲಾಕು ಒದ್ದೆಯಾದರೆ ಜಾರುತ್ತೆ. ನಾನು ಆರಿಸಿದ್ದು ಮಿಂಚೋದನ್ನೇ, ಫೋಟೋದಲ್ಲಿ ಚೆನ್ನಾಗಿ ಕಾಣ್ತಿತ್ತು. ಇನ್ನು ಚಪ್ಪರದ ಕಂಬ ಹುಗಿಯೋಕೆ ಅಪ್ಪಯ್ಯ ವರ್ಷವೂ ಹಾರೆಯಲ್ಲಿ ಬ್ಲಾಕು ಕೀಳ್ತಾರೆ. ಫ್ರೀ ಎಲ್ಲಿ ಬಂತು?

ಹಾಗಂತ ‘ಸಗಣಿ ನೆಲವೇ ಶ್ರೇಷ್ಠ’ ಅಂತ ವಾಟ್ಸಾಪಲ್ಲಿ ಕಣ್ಣೀರು ಹಾಕುವವರ ಪಕ್ಷವೂ ನನ್ನದಲ್ಲ. ಅವರಲ್ಲಿ ಎಷ್ಟು ಜನ ಸೊಂಟ ಬಗ್ಗಿಸಿ ಅಂಗಳ ಸಾರಿಸಿದ್ದಾರೆ? ನಮ್ಮನೆಯಲ್ಲಿ ಸಾರಿಸಿದ್ದು ಅಜ್ಜಿ, ಆಮೇಲೆ ಅಮ್ಮ. ಆ ಬೆನ್ನುನೋವು ನಿಜ. ಅದು ತಪ್ಪಲಿ ಅನ್ನುವ ಆಸೆಯೂ ತಪ್ಪಲ್ಲ. ಆದರೆ ನಾನು ತಪ್ಪಿಸಿದ್ದು ಯಾರ ಕೆಲಸ? ಮೊದಲು ವರ್ಷಕ್ಕೊಮ್ಮೆ ಆಳು ಕರೆದು ಮನೆಮಂದಿಯೆಲ್ಲ ಸೇರಿ ಮಾಡ್ತಿದ್ದ ಕೆಲಸ ಹೋಗಿ, ಮಳೆಗಾಲವಿಡೀ ಅರವತ್ತು ದಾಟಿದ ಹೆಂಗಸು ಬ್ಲೀಚಿಂಗ್ ಪೌಡರ್ ಹಾಕಿ ಬ್ರಷ್ ಹಿಡಿದು ಉಜ್ಜೋದು ಬಂತು. ದುಡ್ಡು ಕೊಟ್ಟವನು ಬೆಂಗಳೂರಲ್ಲಿ ಕೂತಿದ್ದಾನೆ. ಅವನ ಪಾಲಿಗೆ ನಿಜಕ್ಕೂ ಮೇಂಟೆನೆನ್ಸ್ ಫ್ರೀ!

ಗೆಳೆಯನ ಡೆಕ್ಕಿಗೂ ಇದೇ ಲೆಕ್ಕ. ಅವನ ಕಣ್ಣು ಡಬ್ಲ್ಯುಪಿಸಿ ಮೇಲಿದೆ, ಅಂದರೆ ಮರದ ಹುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ. ಗೆದ್ದಲು ಸುಲಭಕ್ಕೆ ಮುಟ್ಟಲ್ಲ, ಎಣ್ಣೆ ಪಾಲಿಶ್ ಬೇಡ, ನಿಜ. ಆದರೆ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಬಿಸಿಲಿಗೆ ಹಿಗ್ಗುತ್ತೆ, ಸಂದು ಬಿಡದೆ ಜೋಡಿಸಿದರೆ ಉಬ್ಬುತ್ತೆ. ಮರವಾದರೆ ಗೀರು ಬಿದ್ದ ಕಡೆ ಉಜ್ಜಿ ಎಣ್ಣೆ ಹಚ್ಚಬಹುದು, ಇದರಲ್ಲಿ ಹೆಚ್ಚಿನ ಸಲ ಹಲಗೆಯನ್ನೇ ಬದಲಾಯಿಸಬೇಕು. ಎಲ್ಲಕ್ಕಿಂತ ಮುಖ್ಯ, ಟೆರೇಸಿನ ನೀರು ಹೋಗುವ ಕಿಂಡಿ ಡೆಕ್ಕಿನ ಅಡಿಯಲ್ಲಿ ಮುಚ್ಚಿ ಹೋಗುತ್ತೆ. ಅಲ್ಲಿ ಎಲೆ ಕಟ್ಟಿಕೊಂಡರೆ ಕೆಳಗಿನ ರೂಮಿನ ಸೀಲಿಂಗ್ ಸೋರಿದ ಮೇಲೇ ಗೊತ್ತಾಗೋದು.

ಹಾಗಾಗಿ ಅವನಿಗೆ ಹೇಳಿದೆ: ‘ಮೇಂಟೆನೆನ್ಸ್ ಇಲ್ಲದ್ದು ಯಾವುದು’ ಅಂತ ಕೇಳಬೇಡ. ಹಾಳಾದಾಗ ಯಾರು ಸರಿಮಾಡ್ತಾರೆ, ಊರಲ್ಲೇ ಸಿಗುವ ಸಾಮಾನಿನಲ್ಲಿ ಆಗುತ್ತಾ, ಒಂದು ತುಂಡು ಮಾತ್ರ ಎತ್ತಿ ಹಾಕೋಕೆ ಬರುತ್ತಾ ಅಂತ ಕೇಳು. ಹತ್ತಡಿಗೆ ಎರಡು ಇಂಚಾದರೂ ಇಳಿಜಾರು ಕೊಡು. ಕಿಂಡಿಯ ಮೇಲಿನ ಹಲಗೆ ಕೈಯಲ್ಲೇ ಎತ್ತುವಂತಿರಲಿ. ಯಾವ ಹಲಗೆಯೇ ಆಗಲಿ, ಸ್ಯಾಂಪಲ್ ಮೇಲೆ ನೀರು ಹಾಕಿ ಬರಿಗಾಲಲ್ಲಿ ನಡೆದು ನೋಡು, ಫೋಟೋ ನೋಡಬೇಡ.

ಊರಲ್ಲಿ ಈ ಬೇಸಿಗೆಗೆ ಕೊಟ್ಟಿಗೆಯಿಂದ ಬಾಗಿಲವರೆಗಿನ ಟೈಲ್ಸ್ ಕಿತ್ತು, ಉಳಿಪೆಟ್ಟಿನ ಒರಟು ಕಲ್ಲುಚಪ್ಪಡಿ ಹಾಸಿಸಿದೆ. ಚಪ್ಪರದ ಜಾಗ ಮತ್ತೆ ಮಣ್ಣಾಯ್ತು. ಉಳಿದ ಕಡೆ ಟೈಲ್ಸ್ ಹಾಗೇ ಇದೆ, ಕೊಟ್ಟ ದುಡ್ಡು ಸುಮ್ಮನೆ ಬಿಡೋಕಾಗುತ್ತಾ? ಕಲ್ಲಿನ ಮೇಲೂ ಹಾವಸೆ ಬರುತ್ತೆ, ಗೊತ್ತು. ಆಷಾಢದಲ್ಲಿ ರಜೆ ಹಾಕಿ ಹೋಗಿ ಉಜ್ಜೋದು ನನ್ನ ಕೆಲಸ ಅಂತ ಅಮ್ಮನಿಗೆ ಹೇಳಿದೀನಿ. ಸೋಗೆ ಮಾತ್ರ ಈ ಸಲ ಅಪ್ಪಯ್ಯ ಈಗಲೇ ಕೂಡಿಟ್ಟಿದ್ದಾರೆ. ನನ್ನ ಮಾತಿನ ಮೇಲೆ ಅವರಿಗೆ ಅಷ್ಟೇನೂ ನಂಬಿಕೆ ಇಲ್ಲ.