ರಸ್ತೆ ಅಗಲವಾಗಬೇಕೋ, ವೇಗ ಇಳಿಯಬೇಕೋ?

ಮಲೆನಾಡಿನ ಪೇಟೆಗಳಲ್ಲಿ ನಾಲ್ಕು ದಾರಿ ಕೂಡುವ ಜಾಗಕ್ಕೆಲ್ಲ ‘ಸರ್ಕಲ್’ ಎಂದೇ ಹೆಸರು, ಅಲ್ಲಿ ವೃತ್ತವಿರಲೇಬೇಕೆಂದಿಲ್ಲ. ಹೆಸರಿನಲ್ಲಷ್ಟೇ ಉಳಿದ ಈ ವೃತ್ತವು ವಿಶ್ವವಿದ್ಯಾಲಯಗಳ ಆವರಣದಲ್ಲಿ ನಿಜವಾಗಿ ಮೂಡಬೇಕಾದ ಕಾಲ ಬಂದಿದೆ.

ಬಸ್ಸು, ಬೈಕು, ಕಾಲ್ನಡಿಗೆಯ ವಿದ್ಯಾರ್ಥಿಗಳು ಒಂದೇ ಹೊತ್ತಿಗೆ ಸೇರುವ ಆವರಣದಲ್ಲಿ ಅಪಘಾತ ಸಂಭವಿಸಿದೊಡನೆ ಕೇಳಿಬರುವ ಬೇಡಿಕೆ ರಸ್ತೆ ಅಗಲೀಕರಣ. ಅದರ ಮೊದಲ ಬಲಿ ಸಾಲುಮರಗಳು. ಆದರೆ ಅಗಲವಾದ ನೇರ ರಸ್ತೆ ವೇಗವನ್ನು ಆಹ್ವಾನಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಗಂಟೆಗೆ 30 ಕಿ.ಮೀ. ವೇಗದ ವಾಹನ 60 ಕಿ.ಮೀ.ಗೆ ಏರಿದರೆ ಅದರ ಚಲನಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಆ ಪೆಟ್ಟನ್ನು ತಾಳುವುದು ನಡೆದು ಹೋಗುವವರ ದೇಹ.

ವೃತ್ತದಲ್ಲಿ ನೇರವಾಗಿ ನುಗ್ಗಲು ಹಾದಿಯಿಲ್ಲ. ಬಾಗಿ ಸಾಗಲೇಬೇಕು, ಬಾಗಬೇಕಾದರೆ ನಿಧಾನಿಸಲೇಬೇಕು. ನಾಲ್ಕು ರಸ್ತೆಗಳ ಸಾಮಾನ್ಯ ಕೂಡುತಾಣದಲ್ಲಿ ವಾಹನಗಳ ಹಾದಿಗಳು ಪರಸ್ಪರ ತಾಗುವ ಬಿಂದುಗಳು 32. ಒಂದೇ ಸಾಲಿನ ವೃತ್ತದಲ್ಲಿ ಅವು 8 ಮಾತ್ರ. ಒಳಗಿರುವ ವಾಹನಕ್ಕೆ ಒಳಬರುವ ವಾಹನ ದಾರಿ ಬಿಡಬೇಕೆಂಬ ನಿಯಮವನ್ನು ಬ್ರಿಟನ್ 1966ರಲ್ಲಿ ಜಾರಿಗೆ ತಂದಿತು. ಭಾರತದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಇದನ್ನೇ ಹೇಳುತ್ತದೆ. ವೃತ್ತಗಳಾಗಿ ಮಾರ್ಪಟ್ಟ ಅಮೆರಿಕದ ಕೂಡುತಾಣಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನವು ಗಾಯಗಳಾಗುವ ಅಪಘಾತಗಳು ಶೇ. 76ರಷ್ಟು ಇಳಿದುದನ್ನು ದಾಖಲಿಸಿದೆ.

ವಿಶ್ವವಿದ್ಯಾಲಯದ ಆವರಣಕ್ಕೆ ಇದು ಹೊಂದುವುದೇ ಎಂಬ ಪ್ರಶ್ನೆಗೆ ಕ್ಯಾಲಿಫೋರ್ನಿಯಾದ ಡೇವಿಸ್ ಉತ್ತರವಾಗಿದೆ. 1960ರ ದಶಕದಲ್ಲಿಯೇ ಅಲ್ಲಿನ ಕುಲಪತಿ ಎಮಿಲ್ ಮ್ರಾಕ್ ಅವರು ಸೈಕಲ್‌ಗೆ ಒಪ್ಪುವ ಆವರಣವನ್ನು ಬಯಸಿದರು. ಆವರಣದ ನಡುಭಾಗದಿಂದ ಕಾರುಗಳು ಹೊರಗುಳಿದವು. ತರಗತಿ ಬಿಟ್ಟಾಗ ದಾರಿಗಿಳಿಯುವ ಸೈಕಲ್‌ಗಳ ಪ್ರವಾಹವನ್ನು ಅಲ್ಲಿನ ಕೂಡುತಾಣಗಳಲ್ಲಿ ಪುಟ್ಟ ವೃತ್ತಗಳೇ ನಿಭಾಯಿಸುತ್ತವೆ. ಅವುಗಳಿಗೆ ವಿದ್ಯುತ್ ದೀಪ ಬೇಡ, ಕಾವಲಿನ ಪೊಲೀಸರೂ ಬೇಡ.

ವೃತ್ತವೊಂದೇ ಸರ್ವರೋಗಕ್ಕೆ ಮದ್ದೆಂದು ಭಾವಿಸಲಾಗದು. ನಗರಗಳ ಹಲವು ಸಾಲುಗಳ ದೊಡ್ಡ ವೃತ್ತಗಳಲ್ಲಿ ವಾಹನಗಳು ವೇಗವಾಗಿಯೇ ಸುತ್ತುತ್ತವೆ. ದೃಷ್ಟಿಹೀನರಿಗೂ ವೃದ್ಧರಿಗೂ ಅವನ್ನು ದಾಟುವುದು ದುಸ್ತರ. ಆದ್ದರಿಂದ ಆವರಣದ ವೃತ್ತ ಚಿಕ್ಕದಾಗಿ ಒಂದೇ ಸಾಲಿನದಾಗಿರಬೇಕು. ಪಾದಚಾರಿಗಳು ದಾಟುವ ಪಟ್ಟೆಗಳು ಒಳಬರುವ ಅಂಚಿನಿಂದ ಒಂದು ಕಾರಿನಷ್ಟು ಹಿಂದಿರಬೇಕು. ವೃತ್ತಕ್ಕೂ ಕೊಂಚ ನೆಲ ಬೇಕೆಂಬುದು ದಿಟ. ಆದರೆ ಅದು ಕೂಡುತಾಣದಲ್ಲಿ ಮಾತ್ರ, ಇಡೀ ದಾರಿಯುದ್ದಕ್ಕೂ ಅಲ್ಲ.

ಕಾಡಿನಂಚಿನ ಆವರಣಗಳಲ್ಲಿ ಮುಂದೆ ಅಗಲೀಕರಣದ ನಕ್ಷೆ ಬಂದಾಗ ವಿದ್ಯಾರ್ಥಿಗಳೂ ಸುತ್ತಲಿನ ಗ್ರಾಮಸ್ಥರೂ ಕೇಳಬೇಕಾದ ಪ್ರಶ್ನೆ ಒಂದೇ: ವೇಗವನ್ನು ಇಳಿಸುವ ಉಪಾಯವನ್ನು ಮೊದಲು ಪರೀಕ್ಷಿಸಲಾಗಿದೆಯೇ? ಇದಕ್ಕೆ ಲಿಖಿತ ಉತ್ತರ ದೊರೆಯುವ ತನಕ ಒಂದು ಮರಕ್ಕೂ ಕೊಡಲಿ ತಾಗಕೂಡದು.