ತಂಪುಪೆಟ್ಟಿಗೆಗೂ ಬೇಕು ಮಡಿ

ದೀಪಾವಳಿಯ ನೀರು ತುಂಬುವ ಹಬ್ಬ ಸಮೀಪಿಸಿತೆಂದರೆ ಮಹಾನಗರದ ಕನ್ನಡ ಮನೆಗಳಲ್ಲಿ ಒಂದು ವಾರ ಮೊದಲೇ ಶುದ್ಧಿಯ ಸಡಗರ ಆರಂಭವಾಗುತ್ತದೆ. ಹಂಡೆಗೆ ಸ್ಥಳವಿಲ್ಲದ ಸ್ನಾನದ ಕೋಣೆಯಲ್ಲಿ ಬಕೆಟ್ಟಿಗೇ ಅರಿಸಿನ ಕುಂಕುಮವಿಟ್ಟು ಪದ್ಧತಿಯನ್ನು ಉಳಿಸಿಕೊಂಡು ಬಂದ ಸಂಸಾರಗಳು ಮುಂಬಯಿ, ಪುಣೆಗಳಲ್ಲಿ ಉಂಟು. ಕಿಟಕಿಯ ಸರಳುಗಳು, ಪಂಖದ ರೆಕ್ಕೆಗಳು, ದೇವರ ಗೂಡಿನ ಹಿತ್ತಾಳೆಯ ದೀಪಗಳು, ಅಟ್ಟದ ಮೇಲಿನ ಪಾತ್ರೆಗಳು ಎಲ್ಲವೂ ಕೆಳಗಿಳಿದು, ಬೆಳಗಿಸಿಕೊಂಡು, ಮತ್ತೆ ತಮ್ಮ ಸ್ಥಾನ ಸೇರುತ್ತವೆ. ಫ್ರಿಜ್ಜಿನ ಹೊರಮೈಗೂ ಒದ್ದೆ ಬಟ್ಟೆಯ ಸ್ಪರ್ಶವಾಗುತ್ತದೆ. ಅದರ ತಲೆಯ ಮೇಲಿನ ಕಸೂತಿಯ ಹೊದಿಕೆ ಒಗೆತಕ್ಕೆ ಹೋಗಿ ಬರುತ್ತದೆ. ಆದರೆ ಬಾಗಿಲಿನ ಒಳಗಡೆಗೆ ಈ ಸಡಗರ ಹೆಚ್ಚಾಗಿ ತಲುಪುವುದೇ ಇಲ್ಲ. ಹಬ್ಬದ ತಿಂಡಿಗಳಿಗೆ ಜಾಗ ಮಾಡಲೆಂದು ಅಲ್ಲಿದ್ದ ಡಬ್ಬಿಗಳನ್ನು ಇನ್ನಷ್ಟು ಹಿಂದಕ್ಕೆ ತಳ್ಳಲಾಗುತ್ತದೆ, ಅಷ್ಟೆ.

ಆ ಹಿಂಬದಿಯ ಕತ್ತಲೆಯಲ್ಲಿ ಏನಿದೆಯೆಂದು ಮನೆಯವರಿಗೇ ತಿಳಿದಿರುವುದಿಲ್ಲ. ಮೊನ್ನೆಯ ಸಾರು, ಅದಕ್ಕೂ ಹಿಂದಿನ ಪಲ್ಯದ ತಳ, ಅರ್ಧ ಹಿಂಡಿದ ನಿಂಬೆಹಣ್ಣು, ಮದುವೆಯ ಮನೆಯಿಂದ ಬಂದ ಲಾಡು, ಮುಚ್ಚಳ ತೆಗೆದರೂ ಗುರುತು ಹತ್ತದ ಒಂದು ಚಟ್ನಿ. ಧಾರವಾಡದ ಕಡೆಯವರಲ್ಲಿ ಇದರ ಜೊತೆಗೆ ರಂಜಕದ ಸೀಸೆಯೂ ಶೇಂಗಾ ಹಿಂಡಿಯ ಡಬ್ಬಿಯೂ ಇರುತ್ತವೆ. ಕರಾವಳಿಯವರಲ್ಲಿ ನೀರು ಒಸರುವ ಬಂಗುಡೆಯ ಪೊಟ್ಟಣ ಮೊಸರಿನ ಪಾತ್ರೆಯ ನೆತ್ತಿಯ ಮೇಲೆ ಕುಳಿತಿರುವುದೂ ಉಂಟು.

ತಂಪುಪೆಟ್ಟಿಗೆಯ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಪಂಗಡಗಳಿವೆ. ಅದರೊಳಗಿಂದ ಬಂದುದೆಲ್ಲ ತಂಗಳು, ತಂಗಳೆಲ್ಲ ರೋಗದ ಮೂಲ ಎನ್ನುವ ಹಿರಿಯರದು ಒಂದು. ಬಾಗಿಲು ಮುಚ್ಚಿದ ಕ್ಷಣಕ್ಕೆ ಒಳಗಿನ ಕಾಲವೇ ನಿಂತುಹೋಗುತ್ತದೆ ಎಂದು ನಂಬಿದವರದು ಇನ್ನೊಂದು. ಇಬ್ಬರ ಮಾತೂ ಪೂರ್ತಿ ನಿಜವಲ್ಲ. ತಂಪು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ. ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಣ ಉಷ್ಣತೆ ಅವುಗಳಿಗೆ ಸುಗ್ಗಿಯ ಕಾಲ. ಪೆಟ್ಟಿಗೆಯ ಒಳಗು 5 ಡಿಗ್ರಿಗಿಂತ ಕೆಳಗಿದ್ದರೆ ಅವುಗಳ ಆಟ ಬಹುಮಟ್ಟಿಗೆ ಕುಗ್ಗುತ್ತದೆ. ಹಾಗೆಂದು ಪೂರ್ತಿ ನಿಲ್ಲುವುದಿಲ್ಲ. ಲಿಸ್ಟೀರಿಯವೆಂಬ ಜೀವಾಣು ಆ ತಂಪಿನಲ್ಲಿಯೂ ಮೆಲ್ಲಗೆ ಬೆಳೆಯಬಲ್ಲದು. ಗರ್ಭಿಣಿಯರಿಗೂ ಹುಟ್ಟಲಿರುವ ಶಿಶುವಿಗೂ ಅದು ಅಪಾಯಕಾರಿ. ಆದುದರಿಂದ ಪೆಟ್ಟಿಗೆಯನ್ನು ಬೈಯುವುದೂ ವ್ಯರ್ಥ, ಪೂಜಿಸುವುದೂ ವ್ಯರ್ಥ. ಅದು ಸ್ವಲ್ಪ ಸಮಯವನ್ನು ಸಾಲ ಕೊಡುವ ಯಂತ್ರ. ಸಾಲವನ್ನು ಯಾವಾಗ ತೀರಿಸಬೇಕೆಂಬುದನ್ನು ಮನೆಯವರು ನೆನಪಿಡಬೇಕು.

ಈ ಮರೆವು ಹೇಗೆ ಬಂದಿತು? ಒಂದು ಕಾರಣವನ್ನು ಊಹಿಸಬಹುದು. 1842ರಲ್ಲಿ ಮದರಾಸಿನ ಕಡಲ ದಂಡೆಯಲ್ಲಿ ಮಂಜುಗಡ್ಡೆಯ ದಾಸ್ತಾನಿಗೆಂದೇ ಒಂದು ಕಟ್ಟಡ ಎದ್ದಿತು. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಆ ಮಂಜು ದೊರೆಗಳ ವಿಲಾಸದ ವಸ್ತುವಾಗಿತ್ತು. ಇಂದು ವಿವೇಕಾನಂದರ ಹೆಸರು ಹೊತ್ತಿರುವ ಆ ಐಸ್ ಹೌಸನ್ನು ಚೆನ್ನೈಯ ಕನ್ನಡಿಗರು ಬಲ್ಲರು. ಅಲ್ಲಿಂದ ನೂರು ವರ್ಷಗಳ ಮೇಲೆ, 1958ರಲ್ಲಿ, ಗೋದ್ರೆಜ್ ಸಂಸ್ಥೆ ಭಾರತದಲ್ಲೇ ತಯಾರಾದ ಫ್ರಿಜ್ಜನ್ನು ಹೊರತಂದಿತು. ಅದು ಮಧ್ಯಮ ವರ್ಗದ ಮನೆ ಸೇರಲು ಮತ್ತೂ ಕಾಲ ಹಿಡಿಯಿತು. ಸೇರಿದಾಗ ಅದರ ಸ್ಥಾನ ಅಡಿಗೆಮನೆಯಾಗಿರಲಿಲ್ಲ. ಇಬ್ಬರು ನಿಂತರೆ ಮೂರನೆಯವರಿಗೆ ಎಡೆಯಿಲ್ಲದ ಮುಂಬಯಿಯ ಅಡಿಗೆಮನೆಯಲ್ಲಿ ಅದನ್ನು ಇಡುವುದಾದರೂ ಎಲ್ಲಿ? ಹೊರಕೋಣೆಯಲ್ಲಿ, ಬಂದವರಿಗೆ ಕಾಣುವಂತೆ, ಪುಸ್ತಕದ ಬೀರುವಿನ ಪಕ್ಕದಲ್ಲಿ ಅದು ನಿಂತಿತು. ನಿಂತದ್ದೇ ತಡ, ಅದೂ ಒಂದು ಬೀರುವಾಯಿತು. ಅಡಿಗೆಮನೆಯ ನಿಯಮಗಳು ಹೊಸ್ತಿಲು ದಾಟಿ ಅಲ್ಲಿಯವರೆಗೆ ಹೋಗಲಿಲ್ಲ.

ಹಳೆಯ ಅಡಿಗೆಮನೆಗೆ ನಿಯಮಗಳಿದ್ದವು. ಹಾಲು ಮೊಸರುಗಳ ಗಡಿಗೆ ಬೆಕ್ಕು ಇರುವೆಗಳಿಗೆ ಎಟುಕದ ನೆಲುವಿನಲ್ಲಿ. ಉಪ್ಪಿನಕಾಯಿಯ ಭರಣಿಗೆ ಒದ್ದೆ ಕೈ, ಒದ್ದೆ ಸೌಟು ನಿಷಿದ್ಧ. ಅನ್ನ ಸಾರುಗಳನ್ನು ಮುಟ್ಟಿದ ಮುಸುರೆಯ ಕೈಯನ್ನು ತೊಳೆಯದೆ ತುಪ್ಪ ಹಾಲುಗಳನ್ನು ಮುಟ್ಟುವಂತಿರಲಿಲ್ಲ. ಬೆಂದದ್ದು ಒಂದು ಕಡೆ, ಬೇಯದ್ದು ಇನ್ನೊಂದು ಕಡೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟದ್ದು ಅನ್ಯಾಯ. ಅದು ಹಿಂದೆಯೇ ಉಳಿಯಲಿ. ಆದರೆ ಬೆಂದದ್ದನ್ನೂ ಬೇಯದ್ದನ್ನೂ ಬೇರೆಯಿಡುವ, ಕೈ ತೊಳೆಯುವ, ನಿನ್ನೆಯದನ್ನು ಇಂದು ಬೆಳಿಗ್ಗೆಯೇ ವಿಚಾರಿಸಿಕೊಳ್ಳುವ ಶಿಸ್ತನ್ನೂ ಅದರೊಡನೆ ಬಿಟ್ಟುಬಂದದ್ದು ನಷ್ಟ. ಇಂದಿನ ಆಹಾರವಿಜ್ಞಾನ ತಂಪುಪೆಟ್ಟಿಗೆಗೆ ಹೇಳುವ ಮೊದಲ ನಿಯಮವೂ ಇದೇ: ಬೆಂದದ್ದು ಮೇಲೆ, ಹಸಿಯದು ಕೆಳಗೆ. ಹಸಿ ಮೀನು, ಮಾಂಸಗಳು ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿರಬೇಕು. ಅವುಗಳ ಒಂದು ಹನಿ ನೀರು ಕೆಳಗಿನ ಮೊಸರಿಗೆ ಬಿದ್ದರೂ ಸಾಕು, ಮೊಸರನ್ನು ಯಾರೂ ಕುದಿಸಿ ಉಣ್ಣುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಅಜಾಗರೂಕತೆ ಇರುವುದು ಅನ್ನದ ವಿಷಯದಲ್ಲಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಣಗಳು ಇರುವುದುಂಟು. ಅವು ಕುದಿಯುವ ನೀರಿನಲ್ಲಿಯೂ ಬದುಕಿ ಉಳಿಯುತ್ತವೆ. ರಾತ್ರಿಯ ಅನ್ನ ಮುಚ್ಚಿದ ಕುಕ್ಕರಿನಲ್ಲಿ ಬೆಚ್ಚಗೆ ಗಂಟೆಗಟ್ಟಲೆ ಕುಳಿತಾಗ ಅವು ಮೊಳೆತು ವೃದ್ಧಿಸಿ ವಿಷವನ್ನು ಉತ್ಪಾದಿಸುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕಾಯಿಸಿದರೆ ನಾಶವಾಗುವುದಿಲ್ಲ. ಬೆಳಿಗ್ಗೆ ಎದ್ದು ಅದೇ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಹಾಕಿ ಮಗುವಿನ ಡಬ್ಬಿಗೆ ತುಂಬಿದರೆ, ಶಾಲೆಯಿಂದ ಮಗು ವಾಂತಿ ಮಾಡಿಕೊಂಡು ಬರುವ ಸಂಭವವುಂಟು. ಆಗ ಶಾಲೆಯ ಕುಡಿಯುವ ನೀರಿಗೂ ಬೀದಿಯ ವಡಾಪಾವಿಗೂ ಬೈಗುಳ ಸಲ್ಲುತ್ತದೆ. ಮನೆಯ ಅನ್ನದ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಅಜ್ಜಿಯರ ಕಾಲದಲ್ಲಿ ತಂಗಳನ್ನ ಉಂಡವರು ಗಟ್ಟಿಯಾಗಿರಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನೀರೆರೆದಿಟ್ಟ ಆ ಅನ್ನ ರಾತ್ರಿಯೆಲ್ಲ ಹುಳಿಯುತ್ತಿತ್ತು. ಹುಳಿ ಅನೇಕ ಜೀವಾಣುಗಳನ್ನು ತಡೆಯುತ್ತದೆ. ಮರುದಿನ ಬೆಳಿಗ್ಗೆ ಅದು ಮುಗಿದೂ ಹೋಗುತ್ತಿತ್ತು. ಕುಕ್ಕರಿನಲ್ಲಿ ಮರೆತ ಅನ್ನಕ್ಕೂ ಅದಕ್ಕೂ ಹೋಲಿಕೆ ಸಲ್ಲದು. ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ತಂಪಿಗಿಟ್ಟು, ಮರುದಿನವೇ ಮುಗಿಸಬೇಕು.

ಬಿಸಿಯ ಅಡಿಗೆಯನ್ನು ಫ್ರಿಜ್ಜಿನಲ್ಲಿಟ್ಟರೆ ಯಂತ್ರ ಕೆಡುತ್ತದೆಂಬ ಭಯದಿಂದ ಹುಳಿಯ ದೊಡ್ಡ ಪಾತ್ರೆಯನ್ನು ಮಲಗುವವರೆಗೂ ಕಟ್ಟೆಯ ಮೇಲೆ ಬಿಡುವವರು ಅನೇಕ. ಹಬೆಯಾಡುವುದನ್ನು ಇಡಬಾರದು ನಿಜ. ಆದರೆ ಎರಡು ಗಂಟೆ ಮೀರಬಾರದು. ಚೆನ್ನೈಯ ಮೇ ತಿಂಗಳಿನಲ್ಲಾದರೆ ಒಂದೇ ಗಂಟೆ. ಎರಡು ಮೂರು ಸಣ್ಣ ಡಬ್ಬಿಗಳಿಗೆ ಹಂಚಿದರೆ ಬೇಗ ಆರುತ್ತದೆ. ಮರುದಿನ ಬೇಕಾದಷ್ಟನ್ನು ಮಾತ್ರ ಹೊರತೆಗೆದು ಕೊತಕೊತ ಕುದಿಸಬೇಕು. ಇಡೀ ಪಾತ್ರೆಯನ್ನು ಮೂರು ದಿನ ಮೂರು ಸಲ ಕಾಯಿಸಿ ಮೂರು ಸಲ ತಣಿಸುವುದು ಯಾವ ಉಳಿತಾಯವೂ ಅಲ್ಲ. ತೆಂಗಿನಕಾಯಿ ರುಬ್ಬಿ ಹಾಕಿದ ಪದಾರ್ಥಕ್ಕಂತೂ ಆಯುಸ್ಸು ಕಡಿಮೆ.

ತರಕಾರಿಗಳದು ಇನ್ನೊಂದು ಕಥೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಗೆ ಒಳಗೆ ಕೆಲಸವೇ ಇಲ್ಲ. ತಂಪಿನಲ್ಲಿ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಮಾಗಿದ ಹಣ್ಣುಗಳು, ಅದರಲ್ಲೂ ಸೇಬು, ಹೊರಬಿಡುವ ಎಥಿಲೀನ್ ಅನಿಲದಿಂದ ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ. ಮಾಟುಂಗದ ಮಾರುಕಟ್ಟೆಯಿಂದ ಆಸೆಪಟ್ಟು ತಂದ ಹರಿವೆ ಸೊಪ್ಪು ಮೂರೇ ದಿನದಲ್ಲಿ ಬಾಡಿದರೆ ಮಾರಿದವನನ್ನು ದೂರುವ ಮೊದಲು ಅದರ ನೆರೆಯಲ್ಲಿ ಏನಿತ್ತೆಂದು ನೋಡಬೇಕು. ಹಳೆಯ ಕನ್ನಡ ವಾರಪತ್ರಿಕೆಗಳನ್ನು ಎಸೆಯಲು ಮನಸ್ಸು ಬಾರದೆ ಅವುಗಳಲ್ಲಿ ಕೊತ್ತಂಬರಿ ಸುತ್ತಿಡುವವರ ಭಾಷಾಪ್ರೇಮ ದೊಡ್ಡದು. ಆದರೆ ಅಚ್ಚಿನ ಶಾಯಿ ಆಹಾರಕ್ಕೆ ತಕ್ಕುದಲ್ಲ. 2018ರ ಆಹಾರ ಪೊಟ್ಟಣ ನಿಯಮಗಳು ವೃತ್ತಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು ನಿಷೇಧಿಸಿವೆ. ತೆಳು ಹತ್ತಿಯ ಬಟ್ಟೆ ಸಾಕು.

ಇವೆಲ್ಲ ಹೊಟ್ಟೆಯ ಮಾತು. ಇದಕ್ಕಿಂತ ಗಂಭೀರವಾದುದೊಂದು ಅನೇಕ ಮನೆಗಳ ಫ್ರಿಜ್ಜಿನೊಳಗೆ ಇದೆ: ಮಧುಮೇಹವುಳ್ಳ ಹಿರಿಯರ ಇನ್ಸುಲಿನ್. ಊರಿನ ಮನೆಗೆ ಬೀಗ ಹಾಕಿ ಮಗನ ಜೊತೆಯಿರಲು ನಗರಕ್ಕೆ ಬಂದ ತಂದೆ ತಾಯಿಯರ ಔಷಧವದು. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಆದರೆ ಅದು ಹೆಪ್ಪುಗಟ್ಟಬಾರದು. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಮೇಲಿನ ಮಂಜಿನ ಗೂಡಿನ ಕೆಳಗಣ ತಟ್ಟೆಯೂ ಹಿಂಬದಿಯ ಗೋಡೆಯೂ ಎಲ್ಲಕ್ಕಿಂತ ತಣ್ಣಗಿರುತ್ತವೆ. ದೋಸೆಹಿಟ್ಟಿನ ಪಾತ್ರೆಗೆ ಜಾಗ ಬೇಕೆಂದು ಯಾರೋ ಸೀಸೆಯನ್ನು ಅಲ್ಲಿಗೆ ಸರಿಸುತ್ತಾರೆ; ರಾತ್ರಿ ಅದು ಗಡ್ಡೆಕಟ್ಟುತ್ತದೆ, ಬೆಳಿಗ್ಗೆ ಕರಗಿದ ಮೇಲೆ ನೋಡುವವರಿಗೆ ವ್ಯತ್ಯಾಸ ಕಾಣದಿರಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನಿನ ಗುಣವನ್ನು ನೆಚ್ಚುವಂತಿಲ್ಲ, ಅದನ್ನು ಬಿಸಾಡಬೇಕು. ತಿಳಿಯದೆ ಅದನ್ನೇ ಚುಚ್ಚಿಕೊಳ್ಳುವ ಹಿರಿಯರ ಸಕ್ಕರೆಯ ಅಂಶ ಏರಿದಾಗ, ಅವರು ಕದ್ದು ಸಿಹಿ ತಿಂದರೆಂಬ ಅಪವಾದ ಬರುತ್ತದೆ. ಮಧ್ಯದ ಅಂತಸ್ತಿನಲ್ಲಿ, ಗೋಡೆಗೆ ತಾಗದಂತೆ, ಮುಚ್ಚಳವಿರುವ ಸಣ್ಣ ಡಬ್ಬಿಯೊಂದನ್ನು ಔಷಧಕ್ಕೆಂದೇ ಮೀಸಲಿಟ್ಟು, ಅದನ್ನು ಯಾರೂ ಸರಿಸಬಾರದೆಂದು ಮನೆಯಲ್ಲಿ ಕಟ್ಟುನಿಟ್ಟು ಮಾಡುವುದು ವೈದ್ಯರ ಶುಲ್ಕಕ್ಕಿಂತ ಅಗ್ಗ.

ಶುಚಿಗೊಳಿಸುವ ಕೆಲಸ ಜನ ಹೆದರುವಷ್ಟು ದೊಡ್ಡದಲ್ಲ. ವಾರಕ್ಕೊಮ್ಮೆ, ತರಕಾರಿ ತರುವ ಹಿಂದಿನ ದಿನ, ಪೆಟ್ಟಿಗೆ ಹೇಗೂ ಖಾಲಿಯಾಗಿರುವಾಗ ಹಳೆಯದನ್ನು ವಿಚಾರಿಸಬೇಕು. ತಿಂಗಳಿಗೊಮ್ಮೆ ವಿದ್ಯುತ್ ಆರಿಸಿ, ತಟ್ಟೆಗಳನ್ನು ಹೊರತೆಗೆದು, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಅಡಿಗೆ ಸೋಡ ಬೆರೆಸಿ ಒರೆಸಿದರೆ ವಾಸನೆಯೂ ಹೋಗುತ್ತದೆ. ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಗಳಲ್ಲಿ ಕಪ್ಪಗೆ ಬೂಷ್ಟು ಕೂರುತ್ತದೆ, ಅದನ್ನು ಮರೆಯಬಾರದು. ಆ ಪಟ್ಟಿಗೂ ಚೌಕಟ್ಟಿಗೂ ನಡುವೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದಾಗ ಸುಲಭವಾಗಿ ಜಾರಿಬಂದರೆ, ತಂಪೂ ಹಣವೂ ಅಲ್ಲಿಂದಲೇ ಸೋರುತ್ತಿವೆಯೆಂದು ತಿಳಿಯಬೇಕು. ಮಂಜು ಕಾಲಂಗುಲ ದಪ್ಪವಾದಾಗ ಕರಗಿಸಬೇಕು, ಚಾಕುವಿನಿಂದ ಕೆರೆಯಬಾರದು. ಒಳಗಿನ ಕೊಳವೆ ತೂತಾದರೆ ಅನಿಲ ಹೋಗುತ್ತದೆ. ಬೇಸಗೆಯಲ್ಲಿ ತಿಂಗಳ ಮಟ್ಟಿಗೆ ಊರಿಗೆ ಹೊರಡುವವರು ಪೆಟ್ಟಿಗೆಯನ್ನು ಆರಿಸಿ ಬಾಗಿಲು ಭದ್ರವಾಗಿ ಮುಚ್ಚಿ ಹೋಗುವುದೂ ಉಂಟು. ಮರಳಿದಾಗ ಅದು ಅಣಬೆಯ ತೋಟವಾಗಿರುತ್ತದೆ. ಒಣಗಿಸಿ ಒರೆಸಿ, ಬಾಗಿಲನ್ನು ಅರೆತೆರೆದೇ ಬಿಟ್ಟು ಹೋಗಬೇಕು.

ವಿದ್ಯುತ್ತು ಹೋದಾಗಿನ ವಿವೇಕವೂ ಬೇಕು. 2005ರ ಜುಲೈ 26ರ ಮಹಾಮಳೆಯಲ್ಲಿ ಮುಂಬಯಿಯ ಉಪನಗರಗಳೂ, 2015ರ ಡಿಸೆಂಬರಿನ ನೆರೆಯಲ್ಲಿ ಚೆನ್ನೈಯ ಬಡಾವಣೆಗಳೂ ಕತ್ತಲೆಯಲ್ಲಿ ಮುಳುಗಿದ್ದನ್ನು ಕಂಡವರು ಬಹಳ ಮಂದಿ. ಬಾಗಿಲು ತೆರೆಯದಿದ್ದರೆ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಆಮೇಲೆ ಬೇಯಿಸಿದ ಪದಾರ್ಥ, ಹಾಲು, ಮೀನುಗಳ ಮೇಲೆ ಆಸೆ ಇಟ್ಟುಕೊಳ್ಳಬಾರದು.

ಇಷ್ಟೆಲ್ಲ ಯಾರು ಮಾಡಬೇಕು ಎಂಬುದಕ್ಕೆ ನಮ್ಮ ಮನೆಗಳಲ್ಲಿ ಸಿದ್ಧ ಉತ್ತರವೊಂದಿದೆ, ಮತ್ತು ಅದು ಸರಿಯಲ್ಲ. ಏಳೂ ನಲವತ್ತರ ಲೋಕಲ್ ಹಿಡಿದು ಹೋಗಿ ರಾತ್ರಿ ಎಂಟಕ್ಕೆ ಮರಳುವ ಗೃಹಿಣಿಯ ತಲೆಗೆ ಈ ಭಾರವನ್ನೂ ಕಟ್ಟುವುದು ಯಾವ ನ್ಯಾಯ? ದಿನಕ್ಕೆ ಹತ್ತು ಸಲ ಬಾಗಿಲು ತೆರೆದು ನೀರಿನ ಸೀಸೆ ತೆಗೆಯುವ ಗಂಡಸರಿಗೂ ಮಕ್ಕಳಿಗೂ ಅದನ್ನು ಒರೆಸುವ ಶಕ್ತಿ ಇದೆ. ಡಬ್ಬಿಯ ಮೇಲೆ ದಿನಾಂಕದ ಚೀಟಿ ಅಂಟಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ, ಕನ್ನಡ ಅಂಕಿಗಳ ಅಭ್ಯಾಸವೂ ಆದೀತು.

ಇನ್ನು ಊರಿನಿಂದ ಬಂದ ಡಬ್ಬಿಯ ಮಾತು. ತಾಯಿ ಕೈಯಾರೆ ಮಾಡಿ, ಬಸ್ಸಿನಲ್ಲೋ ರೈಲಿನಲ್ಲೋ ಬಂದವರ ಕೈಯಲ್ಲಿ ಕಳುಹಿಸಿದ ಗೊಜ್ಜು ಚಟ್ನಿಗಳನ್ನು ಬೇಗ ಮುಗಿಸಲು ಯಾರಿಗೂ ಮನಸ್ಸಿಲ್ಲ. ಅದು ಮುಗಿದರೆ ಊರೇ ಮುಗಿದಂತೆ ಎಂಬ ಭಾವ. ಹಾಗಾಗಿ ವಿಶೇಷ ದಿನಕ್ಕೆಂದು ಉಳಿಸಿ ಉಳಿಸಿ, ಕಡೆಗೆ ಹಸಿರು ಬೂಷ್ಟು ಬಂದ ಮೇಲೆ ಕಣ್ಣೀರಿನೊಡನೆ ಎಸೆಯಲಾಗುತ್ತದೆ. ಮೇಲಿನ ಬೂಷ್ಟು ತೆಗೆದು ತಿನ್ನುವ ಧೈರ್ಯಶಾಲಿಗಳೂ ಇದ್ದಾರೆ, ಅವರನ್ನು ಅನುಸರಿಸಬಾರದು. ಬಂದ ವಾರದಲ್ಲೇ ಅರ್ಧವನ್ನು ಪಕ್ಕದ ಮರಾಠಿ ಸಂಸಾರಕ್ಕೆ ಕೊಟ್ಟು, ಉಳಿದದ್ದನ್ನು ಮನೆಮಂದಿ ಊಟಕ್ಕೆ ಬಡಿಸಿಕೊಳ್ಳಲಿ. ತೊಳೆದು ಒಣಗಿಸಿದ ಡಬ್ಬಿ ಊರಿಗೆ ಹೋಗುವವರ ಚೀಲದಲ್ಲಿ ಹಿಂದಿರುಗಲಿ. ಅಲ್ಲಿಂದ ಅದು ಖಾಲಿಯಾಗಿ ಬಂದ ಉದಾಹರಣೆ ಯಾವ ಮನೆಯಲ್ಲಿಯೂ ಇರಲಾರದು.